ಬ್ರೇಕಿಲ್ಲದ ಜಾವಾ



ಮೈಸೂರಿನ ಜಾವಾ ಮೋಟಾರ್ ಸೈಕಲ್ಲನ್ನು ಕುರಿತು ನಾವೊಂದು ಮಾತುಕತೆ ಪ್ರಸಾರ ಮಾಡಿದ ಮೇಲೆ ಮಳವಳ್ಳಿ ಕಡೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಕಾಗದ ಬಂತು. ತಾತನ ಕಾಲದ ಜಾವಾ ಇನ್ನೂ ಅವರ ಮನೆಯ ಕೊಟ್ಟಿಗೆಯಲ್ಲಿದೆಯಂತೆ. ಆಯುಧಪೂಜೆಯ ದಿನ ಒರೆಸಿ, ಹೂ ಮುಡಿಸಿ, ನಿಂಬೆಹಣ್ಣು ಇಡುತ್ತಾರಂತೆ. ಕಾಗದದ ಕೊನೆಯಲ್ಲಿ ಒಂದೇ ಪ್ರಶ್ನೆ: "ಸಾರ್, ಈ ಗಾಡಿಯಲ್ಲಿ ಯಾರಾದರೂ ವಿಶ್ವ ಚಾಂಪಿಯನ್ ಆಗಿದ್ದಾರಾ?"

ಹೌದು ಎಂದರೂ ಸರಿ, ಇಲ್ಲ ಎಂದರೂ ಸರಿ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಇಂಥ ಉತ್ತರಕ್ಕೆ ಜಾಗವಿರುವುದಿಲ್ಲ. ಆದ್ದರಿಂದ ಈ ಪುಟಗಳಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ವಿಷಯ ಸ್ಪೀಡ್‌ವೇ ಎಂಬ ಮೋಟಾರ್ ಸೈಕಲ್ ಓಟದ ವೈಯಕ್ತಿಕ ಚಾಂಪಿಯನ್‌ಷಿಪ್. ಅದು ನಮ್ಮ ನೆಲದಲ್ಲಿ ಬೇರೂರಿದ ಆಟವಲ್ಲ. ಆದರೆ ಅದರ ಕಥೆಯೊಳಗೆ ನಮ್ಮ ಜಾವಾದ ಅಕ್ಕನೊಬ್ಬಳಿದ್ದಾಳೆ. ಅದಕ್ಕಿಂತ ಮುಖ್ಯವಾಗಿ, ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಕ್ರೀಡಾಕೂಟಗಳಲ್ಲಿ ಓಡಿ ಬಂದಿರುವ ನಿಮಗೆ ಚೆನ್ನಾಗಿ ಅರ್ಥವಾಗುವ ಒಂದು ಪ್ರಶ್ನೆ ಅದರ ನಡುವೆ ಇದೆ. ನಿಜವಾಗಿ ಮೊದಲಿಗ ಯಾರು ಎಂದು ನಿರ್ಧರಿಸುವುದು ಹೇಗೆ?

ಮಂಡ್ಯ ಜಿಲ್ಲೆಯವರಿಗೆ ಜಾವಾ ಗಾಡಿಯ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 250 ಸಿ.ಸಿ.ಯ ಎರಡು ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆಯುವುದಕ್ಕೂ ಗೇರ್ ಬದಲಿಸುವುದಕ್ಕೂ ಒಂದೇ ಕಡ್ಡಿ. 1973ರಿಂದ ಇದೇ ಗಾಡಿ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂತು. ನಾನು ಹುಡುಗನಾಗಿದ್ದಾಗ ನಮ್ಮ ಚಿಕ್ಕಪ್ಪ ಇಟ್ಟುಕೊಂಡಿದ್ದದ್ದು ಯೆಜ್ಡಿ. ಅದರ ಮೇಲೆ ಹಾಲಿನ ಕ್ಯಾನು ಹೋಗಿದೆ, ಬೆಲ್ಲದ ಮೂಟೆ ಹೋಗಿದೆ, ಚಿಕ್ಕಮ್ಮ ಮತ್ತು ಇಬ್ಬರು ಮಕ್ಕಳು ಮದ್ದೂರಿನಿಂದ ಮಳವಳ್ಳಿಯ ಮದುವೆಗೂ ಹೋಗಿದ್ದಾರೆ. ಊರ ಹೊರಗಿನ ತಿರುವಿನಲ್ಲಿ ಸದ್ದು ಕೇಳಿದರೆ ಸಾಕು, ಯಾರು ಬಂದರು ಎಂದು ಒಳಗಿದ್ದವರು ಹೇಳುತ್ತಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದಿತಾದರೂ ಮೈಸೂರಿನ ಆ ಕಾರ್ಖಾನೆಯ ಕಥೆ ಅಲ್ಲಿಗೆ ಮುಗಿದಿತ್ತು.

ಈ ಹೆಸರು ಬಂದದ್ದು ಎಲ್ಲಿಂದ? 1929ರಲ್ಲಿ ಜೆಕೊಸ್ಲೊವಾಕಿಯದ ರಾಜಧಾನಿ ಪ್ರಾಗ್‌ನಲ್ಲಿ ಫ್ರಾಂತಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಕೊಂಡ. ತನ್ನ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿಸಿದ. ಅವರ ಉಚ್ಚಾರಣೆಯಲ್ಲಿ ಅದು 'ಯಾವಾ'. ಇಂಗ್ಲಿಷ್ ಅಕ್ಷರ ನೋಡಿ ಓದಿದ ನಾವು 'ಜಾವಾ' ಎಂದೆವು.

ಅದೇ 1929ರಲ್ಲಿ ಪ್ರಾಗ್‌ನಿಂದ ಸುಮಾರು ನೂರು ಕಿಲೋಮೀಟರ್ ದೂರದ ಪಾರ್ದುಬಿತ್ಸೆ ಎಂಬ ಊರಿನಲ್ಲಿ ಇನ್ನೊಂದು ಘಟನೆ ನಡೆಯಿತು. ಬೆಂಗಳೂರಿನಿಂದ ಮಂಡ್ಯಕ್ಕೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ ದೂರ. ಮದ್ದೂರು ಎಂದರೆ ವಡೆ ನೆನಪಾಗುವ ಹಾಗೆ ಪಾರ್ದುಬಿತ್ಸೆ ಎಂದರೆ ಆ ದೇಶದವರಿಗೆ ಜೇನು, ಮಸಾಲೆ ಹಾಕಿ ಬೇಯಿಸಿದ ಒಂದು ಬಗೆಯ ಕೇಕು ನೆನಪಾಗುತ್ತದೆ. ಊರಿನ ಇನ್ನೊಂದು ಹೆಸರುವಾಸಿ ಸಂಗತಿ 1874ರಿಂದ ನಡೆದುಬಂದಿರುವ, ಬೇಲಿ ಹಳ್ಳಗಳನ್ನು ನೆಗೆಯುವ ಕುದುರೆ ಓಟ. ಆ ಕುದುರೆ ಬಯಲಿನಲ್ಲೇ 1929ರಲ್ಲಿ ಮೋಟಾರ್ ಸೈಕಲ್ ಓಟ ಇಟ್ಟರು. ಗೆದ್ದವನಿಗೆ ಬಹುಮಾನ ಚಿನ್ನದ ಹೆಲ್ಮೆಟ್. ಮೊದಲ ವರ್ಷ ಅದನ್ನು ಧರಿಸಿದವನು ಜ್ದೆನೆಕ್ ಪೋಲ್. ಯುದ್ಧದ ವರ್ಷಗಳಲ್ಲಿ ನಿಂತರೂ ಆ ಓಟ ಮತ್ತೆ ಚಿಗುರಿತು. ಕುದುರೆ ಬಯಲಿನಿಂದ 1960ರ ದಶಕದಲ್ಲಿ ತನ್ನದೇ ಕ್ರೀಡಾಂಗಣಕ್ಕೆ ಹೋಯಿತು. ಜಗತ್ತಿನ ಸ್ಪೀಡ್‌ವೇ ಓಟಗಳಲ್ಲಿ ಇಷ್ಟು ಹಳೆಯದು, ಇನ್ನೂ ನಡೆಯುತ್ತಿರುವುದು ಬಹಳ ಇಲ್ಲ. ಚಿನ್ನದ ಹೆಲ್ಮೆಟ್ ಯಾವ ಒಕ್ಕೂಟವೂ ಕೊಡುವ ಅಧಿಕೃತ ಪದವಿಯಲ್ಲ. ಒಂದು ಊರು ಕೊಡುವ ಮರ್ಯಾದೆ. ನಮ್ಮ ಕಡೆ ಜೋಡೆತ್ತಿನ ಗಾಡಿ ಓಟದಲ್ಲಿ ಗೆದ್ದ ಹಳ್ಳಿಕಾರ್ ಜೋಡಿಯ ಕೊರಳಿಗೆ ಬೀಳುವ ಹಾರದ ಹಾಗೆ ಎಂದುಕೊಳ್ಳಿ.

ಸ್ಪೀಡ್‌ವೇ ಎಂದರೇನು ಎಂಬುದನ್ನು ಈಗ ಹೇಳಬೇಕು. ಮೊಟ್ಟೆಯಾಕಾರದ ಒಂದು ಮಣ್ಣಿನ ಅಂಕಣ. ಒಂದು ಸುತ್ತು ಸುಮಾರು 260ರಿಂದ 425 ಮೀಟರ್. ಹಾಸಿರುವುದು ಕೆಂಪು ಪದರಗಲ್ಲಿನ ಪುಡಿ, ಇಲ್ಲವೇ ಗ್ರಾನೈಟಿನ ಪುಡಿ, ಅಂದರೆ ನಮ್ಮ ಜಲ್ಲಿ ಕ್ರಷರುಗಳಲ್ಲಿ ರಾಶಿ ಬೀಳುವಂಥದ್ದೇ. ಒಂದು ಹೀಟ್‌ಗೆ ನಾಲ್ವರು ಸವಾರರು, ನಾಲ್ಕು ಸುತ್ತು, ಎಲ್ಲವೂ ಎಡಕ್ಕೇ ತಿರುವು. ಸುಮಾರು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಗೆದ್ದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಗಾಡಿ 500 ಸಿ.ಸಿ.ಯದು, ಒಂದೇ ಸಿಲಿಂಡರ್, ಒಂದೇ ಗೇರ್, ತೂಕ ಎಂಬತ್ತು ಕಿಲೋ ಆಸುಪಾಸು. ನೇರ ಓಟದಲ್ಲಿ ಗಂಟೆಗೆ 100 ಕಿಲೋಮೀಟರ್ ದಾಟುತ್ತದೆ. ಬ್ರೇಕ್ ಇಲ್ಲ.

ತಪ್ಪು ಅಚ್ಚಾಗಿಲ್ಲ, ನಿಜವಾಗಿಯೂ ಇಲ್ಲ. ಮದ್ದೂರಿನ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ಇದರ ಚಿತ್ರ ತೋರಿಸಿದಾಗ ಅವರು ಸ್ಪಾನರ್ ಕೆಳಗಿಟ್ಟು, "ಗಾಡೀಗೆ ಬ್ರೇಕ್ ಇಲ್ಲ ಅಂದ್ರೆ ಓಡ್ಸೋನ್ಗೆ ತಲೆ ಇಲ್ಲ ಅನ್ನಿ ಸಾರ್" ಎಂದರು. ಆದರೆ ವಿಚಾರ ಮಾಡಿ ನೋಡಿ. ನಾಲ್ವರು ಒಬ್ಬರ ಹಿಂದೆ ಒಬ್ಬರು ಅಂಗೈ ಅಗಲದ ಅಂತರದಲ್ಲಿ ನುಗ್ಗುವಾಗ ಮುಂದಿನವನು ಇದ್ದಕ್ಕಿದ್ದಂತೆ ಬ್ರೇಕ್ ಹಾಕಿದರೆ ಹಿಂದಿನವನ ಗತಿಯೇನು? ಯಾರ ಬಳಿಯೂ ಬ್ರೇಕ್ ಇಲ್ಲದಿರುವುದೇ ಅಲ್ಲಿ ಎಲ್ಲರಿಗೂ ಇರುವ ರಕ್ಷಣೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಇದೇ ತರ್ಕ ತಲೆಕೆಳಗಾಗುತ್ತದೆ ಎಂಬುದು ನಿಮಗೆ ಗೊತ್ತು. 2023ರ ಆಗಸ್ಟ್‌ನಲ್ಲಿ ಆ ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನಗಳ ಪ್ರವೇಶವನ್ನೇ ನಿಷೇಧಿಸಿದರು.

ಬ್ರೇಕಿಲ್ಲದೆ ತಿರುಗುವುದು ಹೇಗೆ? ನಾನು ವಿಜ್ಞಾನ ಓದಿದವನು, ಸ್ವಲ್ಪ ಲೆಕ್ಕ ಹಾಕದೆ ಬಿಡಲಾರೆ. ತಿರುವಿನ ತ್ರಿಜ್ಯ 25 ಮೀಟರ್, ವೇಗ ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿಲೋಮೀಟರ್ ಎಂದು ಹಿಡಿಯೋಣ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ 225 ಭಾಗಿಸು 25, ಉತ್ತರ 9. ಭೂಮಿ ನಮ್ಮನ್ನು ಕೆಳಕ್ಕೆ ಎಳೆಯುವ ವೇಗೋತ್ಕರ್ಷ 9.8. ಅಂದರೆ ಸವಾರನ ತೂಕಕ್ಕೆ ಹತ್ತಿರಹತ್ತಿರ ಸಮವಾದ ಬಲವೊಂದು ಅವನನ್ನು ಒಳಗಡೆಗೆ, ಅಂಕಣದ ನಡುವಿನತ್ತ ಎಳೆಯಬೇಕು. ಸಡಿಲವಾದ ಮಣ್ಣು ಮಾಮೂಲು ರೀತಿಯಲ್ಲಿ ಅಷ್ಟು ಹಿಡಿತ ಕೊಡುವುದಿಲ್ಲ. ಆದ್ದರಿಂದ ಸವಾರ ಥ್ರಾಟಲ್ ತಗ್ಗಿಸುವುದಿಲ್ಲ, ಹೆಚ್ಚಿಸುತ್ತಾನೆ. ಹಿಂದಿನ ಚಕ್ರ ಗರಗರನೆ ತಿರುಗಿ ಮಣ್ಣನ್ನು ಎರಚುತ್ತಾ ಹೊರಕ್ಕೆ ಜಾರುತ್ತದೆ. ಗಾಡಿ ಅಡ್ಡಡ್ಡಲಾಗಿ ನಿಂತಂತೆ ಕಾಣುತ್ತದೆ. ಹಾಗೆ ಅಡ್ಡ ನಿಂತ ಗಾಡಿಯನ್ನು ಎಂಜಿನ್ನಿನ ಒತ್ತಡ ತಿರುವಿನ ಒಳಗಡೆಗೇ ತಳ್ಳುತ್ತದೆ. ಎಡಕ್ಕೆ ತಿರುಗುವವನ ಮುಂಚಕ್ರ ಬಲಕ್ಕೆ ನೋಡುತ್ತಿರುತ್ತದೆ! ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟೆ, ಅದು ನೆಲವನ್ನು ಉಜ್ಜುತ್ತಾ ಹೋಗುತ್ತದೆ. ಹೆದರಿ ಥ್ರಾಟಲ್ ಬಿಟ್ಟನೋ, ಹಿಂಚಕ್ರ ತಟ್ಟನೆ ನೆಲ ಕಚ್ಚುತ್ತದೆ, ಸವಾರ ಗಾಡಿಯ ಮೇಲಿನಿಂದ ಹೊರಕ್ಕೆ ಹಾರುತ್ತಾನೆ.

ಇಂಧನದ ಬಗ್ಗೆ ಒಂದು ಮಾತು, ಮಂಡ್ಯದವರಿಗಾಗಿಯೇ. ಈ ಗಾಡಿಗಳು ಪೆಟ್ರೋಲ್ ಕುಡಿಯುವುದಿಲ್ಲ, ಮೆಥನಾಲ್ ಕುಡಿಯುತ್ತವೆ. ಮೆಥನಾಲ್ ಆವಿಯಾಗುವಾಗ ಪೆಟ್ರೋಲ್‌ಗಿಂತ ಸುಮಾರು ಮೂರು ಪಟ್ಟು ಶಾಖವನ್ನು ಹೀರುವುದರಿಂದ ಎಂಜಿನ್ ಒಳಗಿನಿಂದಲೇ ತಣ್ಣಗಿರುತ್ತದೆ, ಹೆಚ್ಚಿನ ಒತ್ತಡವನ್ನೂ ತಾಳುತ್ತದೆ. 'ಆಲ್ಕೊಹಾಲ್' ಎಂದ ಕೂಡಲೇ ನಿಮಗೆ ಸಕ್ಕರೆ ಕಾರ್ಖಾನೆ, ಕಾಕಂಬಿ ನೆನಪಾಗಬಹುದು. ಕಾಕಂಬಿಯಿಂದ ಬರುವುದು ಎಥನಾಲ್. ಮೆಥನಾಲ್ ಬೇರೆ, ಶುದ್ಧ ವಿಷ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಗೆ ಅದು ಬೆರೆತು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಪ್ರಯೋಗಶಾಲೆಯ ಕಪಾಟಿನಲ್ಲಿ ಎರಡು ಸೀಸೆಗಳೂ ಅಕ್ಕಪಕ್ಕದಲ್ಲಿದ್ದು ಒಂದೇ ರೀತಿ ಕಾಣುತ್ತವೆ, ಹುಷಾರು.

ಇನ್ನು ಚರಿತ್ರೆಗೆ ಬರೋಣ. ಈ ಆಟ ಹುಟ್ಟಿದ್ದು ಜಾತ್ರೆಯಲ್ಲಿ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1923ರ ಡಿಸೆಂಬರ್ 15ರಂದು ಆಸ್ಟ್ರೇಲಿಯದ ವೆಸ್ಟ್ ಮೈಟ್‌ಲ್ಯಾಂಡ್ ಎಂಬ ಊರಿನ ಕೃಷಿ ಪ್ರದರ್ಶನದ ಮೈದಾನದಲ್ಲಿ ಜಾನಿ ಹಾಸ್ಕಿನ್ಸ್ ಎಂಬಾತ ಮೋಟಾರ್ ಸೈಕಲ್ ಓಟ ಏರ್ಪಡಿಸಿದ. ಸ್ಪೀಡ್‌ವೇಯ ಜನ್ಮದಿನ ಅದೇ ಎಂದು ಹೇಳುವುದು ವಾಡಿಕೆ. ಅದಕ್ಕೂ ಮುಂಚೆ ಬೇರೆ ಕಡೆ ಮಣ್ಣಿನ ಅಂಕಣಗಳಲ್ಲಿ ಓಟ ನಡೆದಿದ್ದವು, ಆದರೆ ಜನ್ಮದಿನಕ್ಕೆ ಒಂದು ತಾರೀಕು ಬೇಕಲ್ಲ. 1928ರ ಫೆಬ್ರವರಿಯಲ್ಲಿ ಲಂಡನ್ನಿನ ಹೊರವಲಯದ ಹೈ ಬೀಚ್‌ನಲ್ಲಿ ಮೊದಲ ದೊಡ್ಡ ಓಟ ನಡೆದಾಗ ನಿರೀಕ್ಷೆಗೂ ಮೀರಿ ಜನ ನೆರೆದರು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಊರೂರಿಗೂ ತಂಡಗಳು ಹುಟ್ಟಿಕೊಂಡವು. ತಂಡಗಳಾಯಿತು, ಆದರೆ ಒಬ್ಬೊಬ್ಬನನ್ನೇ ತೂಗಿದರೆ ಯಾರು ಮೇಲು? ಅದನ್ನು ತೀರ್ಮಾನಿಸಲು 1936ರಲ್ಲಿ ವಿಶ್ವ ವೈಯಕ್ತಿಕ ಚಾಂಪಿಯನ್‌ಷಿಪ್ ಆರಂಭವಾಯಿತು. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಸೆಪ್ಟೆಂಬರ್ 10ರಂದು ಫೈನಲ್.

ಫೈನಲ್‌ಗೆ ಹದಿನಾರು ಮಂದಿ. ನಾಲ್ವರೇ ಒಮ್ಮೆಗೆ ಓಡಬಲ್ಲರು. ಎಲ್ಲರೂ ಎಲ್ಲರ ಎದುರೂ ಒಂದೊಂದು ಸಲ, ಒಂದೇ ಸಲ, ಓಡುವಂತೆ ಮಾಡಲು ಸಾಧ್ಯವೇ? ಹದಿನಾರು ಮಂದಿಯಲ್ಲಿ ಇಬ್ಬಿಬ್ಬರ ಜೋಡಿಗಳು 16 ಗುಣಿಸು 15 ಭಾಗಿಸು 2, ಅಂದರೆ 120. ನಾಲ್ವರ ಒಂದು ಹೀಟ್‌ನಲ್ಲಿ 6 ಜೋಡಿಗಳು ಮುಖಾಮುಖಿಯಾಗುತ್ತವೆ. 120 ಭಾಗಿಸು 6, ಇಪ್ಪತ್ತು ಹೀಟ್. ಒಬ್ಬೊಬ್ಬನಿಗೆ ಐದು ಓಟ, ಪ್ರತಿ ಓಟದಲ್ಲಿ ಮೂವರು ಎದುರಾಳಿಗಳು, ಒಟ್ಟು ಹದಿನೈದು. ಲೆಕ್ಕ ಒಂದು ಕೂದಲೂ ಕೊಂಕದಂತೆ ಕೂಡುತ್ತದೆ. ಆದರೆ ಲೆಕ್ಕ ಕೂಡಿದ ಮಾತ್ರಕ್ಕೆ ಪಟ್ಟಿ ಬರೆಯಲು ಬರುತ್ತದೆ ಎಂದಲ್ಲ. ನೀವೇ ಪ್ರಯತ್ನಿಸಿ. ಒಂದರಿಂದ ಹದಿನಾರರವರೆಗಿನ ಸಂಖ್ಯೆಗಳನ್ನು ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು ಬರೆಯಿರಿ. ಅಡ್ಡಸಾಲುಗಳು ನಾಲ್ಕು ಹೀಟ್, ಕಂಬಸಾಲುಗಳು ನಾಲ್ಕು ಹೀಟ್. ಆಮೇಲೆ 1, 6, 11, 16 ಒಂದು. 2, 5, 12, 15 ಇನ್ನೊಂದು. 3, 8, 9, 14 ಮತ್ತೊಂದು. 4, 7, 10, 13 ಮಗದೊಂದು. ಹನ್ನೆರಡಾಯಿತು. ಇನ್ನೆಂಟು ಹೀಟ್‌ಗಳು ನಿಮ್ಮ ಪಾಲಿಗೆ. ಯಾವ ಇಬ್ಬರೂ ಎರಡನೆಯ ಸಲ ಭೇಟಿಯಾಗಕೂಡದು. ನಿಮ್ಮ ಗಣಿತದ ಮೇಷ್ಟರಿಗೂ ಒಂದು ಸಂಜೆ ಕಳೆಯಲು ಇದು ಸಾಕು.

ಇಷ್ಟು ಅಂದವಾದ ವ್ಯವಸ್ಥೆ ಇದ್ದೂ 1936ರ ಫೈನಲ್‌ನಲ್ಲಿ ಏನಾಯಿತು ಗೊತ್ತೇ? ಆಸ್ಟ್ರೇಲಿಯದ ಬ್ಲೂಯಿ ವಿಲ್ಕಿನ್ಸನ್ ಐದಕ್ಕೆ ಐದೂ ಓಟ ಗೆದ್ದ. ಹದಿನೈದು ಅಂಕ. ಅಂದರೆ ಆ ರಾತ್ರಿ ಅಂಕಣಕ್ಕಿಳಿದ ಹದಿನೈದು ಎದುರಾಳಿಗಳನ್ನೂ ಮುಖಾಮುಖಿ ಸೋಲಿಸಿದ. ಆದರೂ ಚಾಂಪಿಯನ್ ಆಗಲಿಲ್ಲ! ಹಿಂದಿನ ಅರ್ಹತಾ ಸುತ್ತುಗಳಲ್ಲಿ ಗಳಿಸಿದ್ದಕ್ಕೆ ಪ್ರತಿಯಾಗಿ ಬೋನಸ್ ಅಂಕಗಳನ್ನು ಕೊಡುವ ನಿಯಮವಿತ್ತು. ವಿಲ್ಕಿನ್ಸನ್‌ಗೆ 10 ಬೋನಸ್, ಒಟ್ಟು 25. ಆಸ್ಟ್ರೇಲಿಯದವನೇ ಆದ ಲಯೊನೆಲ್ ವಾನ್ ಪ್ರಾಗ್‌ಗೆ ಫೈನಲ್‌ನಲ್ಲಿ 14, ಬೋನಸ್ 12. ಇಂಗ್ಲೆಂಡಿನ ಎರಿಕ್ ಲ್ಯಾಂಗ್ಟನ್‌ಗೆ 13, ಬೋನಸ್ 13. ಇಬ್ಬರದೂ 26. ಯಾರಿಗೂ ಸೋಲದವನು ಮೂರನೆಯ ಸ್ಥಾನಕ್ಕೆ ಇಳಿದು, ಅವನಿಗೆ ಸೋತ ಇಬ್ಬರು ಪದವಿಗಾಗಿ ಮತ್ತೆ ಓಡಿದರು.

ಆ ಮರು ಓಟದ ಕಥೆಯೂ ಕೇಳುವಂಥದ್ದೇ. ಆರಂಭದ ಗೆರೆಯಲ್ಲಿ ಅಡ್ಡಲಾಗಿ ಎಳೆದ ಪಟ್ಟಿ ಮೇಲಕ್ಕೆ ಹಾರಿದ ಮೇಲೆ ಹೊರಡಬೇಕು. ಲ್ಯಾಂಗ್ಟನ್ ಆತುರಪಟ್ಟು ಪಟ್ಟಿಯನ್ನು ಹರಿದ. ನಿಯಮದಂತೆ ಅವನನ್ನು ಹೊರಗೆ ಹಾಕಿದ್ದರೆ ವಾನ್ ಪ್ರಾಗ್ ನಿಂತಲ್ಲೇ ಚಾಂಪಿಯನ್. ಹಾಗೆ ಬರುವ ಪದವಿ ಬೇಡ, ಓಡಿಯೇ ತೀರುತ್ತೇನೆ ಎಂದ ವಾನ್ ಪ್ರಾಗ್. ಮತ್ತೆ ಸಾಲಾಗಿ ನಿಂತರು. ಲ್ಯಾಂಗ್ಟನ್ ಮುಂದೆ ಹಾರಿ ಕೊನೆಯ ತಿರುವಿನವರೆಗೂ ಮುಂದೆಯೇ ಇದ್ದ. ಅಲ್ಲಿ ವಾನ್ ಪ್ರಾಗ್ ಒಳಗಿನಿಂದ ನುಗ್ಗಿ ಗೆದ್ದ. ಗೆದ್ದವನ ದೊಡ್ಡತನವನ್ನು ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಆದರೆ ನನ್ನ ಕಣ್ಣು ಮಾತ್ರ ಬದಿಯಲ್ಲಿ ನಿಂತು ನೋಡುತ್ತಿದ್ದ ವಿಲ್ಕಿನ್ಸನ್ ಮೇಲೆಯೇ ಇರುತ್ತದೆ. ಅವನು ಎರಡು ವರ್ಷ ಬಿಟ್ಟು, 1938ರಲ್ಲಿ, ಪೆಟ್ಟುಬಿದ್ದ ಮೈಯಲ್ಲೇ ಓಡಿ ಚಾಂಪಿಯನ್ ಆದ. 1940ರಲ್ಲಿ ಸಿಡ್ನಿಯ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಬ್ರೇಕಿಲ್ಲದ ಅಂಕಣ ಅವನನ್ನು ಉಳಿಸಿತ್ತು. 1939ರ ಫೈನಲ್ ಯುದ್ಧದಿಂದ ರದ್ದಾಯಿತು. 1949ರಲ್ಲಿ ಚಾಂಪಿಯನ್‌ಷಿಪ್ ಮತ್ತೆ ಶುರುವಾದಾಗ ಬೋನಸ್ ಅಂಕದ ನಿಯಮ ಇರಲಿಲ್ಲ.

ಒಂದು ಅನ್ಯಾಯ ಹೋಯಿತು, ಇನ್ನೊಂದು ಬಂತು. ಇಲ್ಲಿಯೇ ಪ್ರಾದೇಶಿಕ ಚಾಂಪಿಯನ್‌ಷಿಪ್‌ಗಳ ವಿಷಯ ಬರುವುದು. 1950ರ ದಶಕದಿಂದ ಸ್ವೀಡನ್, ಪೋಲೆಂಡ್, ಜೆಕೊಸ್ಲೊವಾಕಿಯ, ಸೋವಿಯತ್ ಒಕ್ಕೂಟ ಎಲ್ಲ ಕಡೆಯೂ ಆಟ ಬೆಳೆಯಿತು. ಎಲ್ಲರೂ ಫೈನಲ್‌ಗೆ ಬರಲಾಗದು. ಆದ್ದರಿಂದ ಮೆಟ್ಟಿಲು ಕಟ್ಟಿದರು. ಬ್ರಿಟನ್ನಿಗೆ ಬ್ರಿಟಿಷ್ ಫೈನಲ್, ಉತ್ತರದ ದೇಶಗಳಿಗೆ ನಾರ್ಡಿಕ್ ಫೈನಲ್, ಯುರೋಪಿನ ಒಳನಾಡಿಗೆ ಕಾಂಟಿನೆಂಟಲ್ ಫೈನಲ್, ಅವುಗಳ ಮೇಲೆ ಯುರೋಪಿಯನ್ ಫೈನಲ್. ಆಮೇಲಿನ ವರ್ಷಗಳಲ್ಲಿ ಇಂಟರ್‌ಕಾಂಟಿನೆಂಟಲ್, ಓವರ್‌ಸೀಸ್ ಎಂಬ ಹೆಸರಿನವೂ ಬಂದವು. ಒಂದೊಂದು ಮೆಟ್ಟಿಲಿನಿಂದ ಇಷ್ಟೇ ಮಂದಿ ಮೇಲೆ ಹೋಗಬಹುದು ಎಂದು ಪಾಲು ಗೊತ್ತುಮಾಡಿದರು.

ಇದು ನಿಮಗೆ ಗೊತ್ತಿರುವ ಏಣಿಯೇ. ನಾನು ಹೈಸ್ಕೂಲಿನಲ್ಲಿದ್ದಾಗ ತಾಲ್ಲೂಕು ಮಟ್ಟದ 400 ಮೀಟರ್ ಓಟದಲ್ಲಿ ಮೂರನೆಯವನಾಗಿ ಬಂದೆ. ಮೊದಲ ಇಬ್ಬರಿಗೆ ಮಾತ್ರ ಜಿಲ್ಲೆಗೆ ಅವಕಾಶ. ಪಕ್ಕದ ತಾಲ್ಲೂಕಿನಲ್ಲಿ ಮೊದಲು ಬಂದ ಹುಡುಗನ ಸಮಯ ನನ್ನದಕ್ಕಿಂತ ಹೆಚ್ಚಿತ್ತು ಎಂದು ಆಮೇಲೆ ಗೊತ್ತಾಯಿತು. ಅವನು ಮಂಡ್ಯಕ್ಕೆ ಹೋದ, ನಾನು ಮನೆಗೆ ಬಂದೆ. ಮೂವತ್ತು ವರ್ಷದ ಮೇಲೂ ಇದನ್ನು ಬರೆಯುತ್ತಿದ್ದೇನೆ ಎಂದರೆ ನೋವು ಎಷ್ಟು ಉಳಿದಿದೆ ನೋಡಿ! ಬ್ರಿಟಿಷ್ ಫೈನಲ್‌ನಲ್ಲಿ ಒಂದು ಹೀಟ್‌ನಲ್ಲಿ ಚೈನ್ ಕಿತ್ತುಹೋದ ಒಳ್ಳೆಯ ಸವಾರನ ಇಡೀ ವರ್ಷ ಅಲ್ಲಿಗೆ ಮುಗಿಯುತ್ತಿತ್ತು. ಅದೇ ಹೊತ್ತಿಗೆ ಇನ್ನೊಂದು ಪ್ರದೇಶದಿಂದ ಅವನಿಗಿಂತ ನಿಧಾನದ ಸವಾರ ಫೈನಲ್ ತಲುಪುತ್ತಿದ್ದ. ಹಾಗೆಂದು ಪಾಲನ್ನೇ ತೆಗೆದುಹಾಕಿದ್ದರೆ? ಆಟ ಇಂಗ್ಲೆಂಡಿನ ಹಿತ್ತಲಲ್ಲೇ ಉಳಿಯುತ್ತಿತ್ತು. 1960ರವರೆಗೂ ಪ್ರತಿ ವಿಶ್ವ ಫೈನಲ್ ವೆಂಬ್ಲಿಯಲ್ಲೇ ನಡೆದಿತ್ತು ಎಂಬುದನ್ನು ಗಮನಿಸಿ. 1961ರಲ್ಲಿ ಮೊದಲ ಬಾರಿಗೆ ಹೊರಗೆ, ಸ್ವೀಡನ್ನಿನ ಮಾಲ್ಮೋಗೆ ಹೋಯಿತು. 1970ರಲ್ಲಿ ಪೋಲೆಂಡಿಗೆ ಹೋಯಿತು.

ಪಾಲಿನ ಪರವಾಗಿ ವಾದಿಸುವವರು ಯಾವಾಗಲೂ ಹೇಳುವ ಉದಾಹರಣೆ 1973ರದು. ಪೋಲೆಂಡಿನ ಹೊಜುಫ್ ಊರಿನ ಕ್ರೀಡಾಂಗಣದಲ್ಲಿ ಲಕ್ಷ ಮೀರಿ ಜನ. ನ್ಯೂಜಿಲೆಂಡಿನ ಐವನ್ ಮಾಜರ್ ಆ ಹೊತ್ತಿಗೆ ನಾಲ್ಕು ಬಾರಿ ವಿಶ್ವ ಚಾಂಪಿಯನ್. ಅವನಿಗೂ ಪೋಲೆಂಡಿನ ಯೆಜಿ ಶ್ಚಾಕಿಯೆಲ್ ಎಂಬ ಯುವಕನಿಗೂ ತಲಾ 13 ಅಂಕ. ಮರು ಓಟ. ಹಿಂದೆ ಬಿದ್ದ ಮಾಜರ್ ದಾಟಲು ಹೋಗಿ ಉರುಳಿದ. ಶ್ಚಾಕಿಯೆಲ್ ಪೋಲೆಂಡಿನ ಮೊದಲ ವಿಶ್ವ ಚಾಂಪಿಯನ್ ಆದ. ಆಕಸ್ಮಿಕ ಎಂದರು ಹಲವರು. ಇರಬಹುದು. ಆದರೆ ಅದೇ ಪೋಲೆಂಡಿನ ಬಾರ್ತೊಶ್ ಜ್ಮಾರ್ಜ್ಲಿಕ್ 2019ರಿಂದ 2024ರೊಳಗೆ ಐದು ಬಾರಿ ವಿಶ್ವ ಪದವಿ ಗೆದ್ದಿದ್ದಾನೆ. ಅದನ್ನು ಆಕಸ್ಮಿಕ ಎನ್ನುವವರು ಯಾರೂ ಇಲ್ಲ.

ಈಗ ನಮ್ಮ ಕಾಗದದ ಹುಡುಗನ ಪ್ರಶ್ನೆಗೆ. ಬಹುಕಾಲ ಈ ಅಂಕಣಗಳನ್ನು ಆಳಿದ್ದು ಲಂಡನ್ನಿನ ಜೆ.ಎ.ಪಿ. ಎಂಜಿನ್. ಎರಡನೆಯ ಯುದ್ಧ ಮುಗಿದು ಕೆಲವು ವರ್ಷಗಳಲ್ಲಿ ಜೆಕೊಸ್ಲೊವಾಕಿಯದ ಯಾರೋಸ್ಲಾವ್ ಸಿಮಾಂಡ್ಲ್ ಎಂಬ ಸವಾರ ಬಿಡಿಭಾಗಕ್ಕಾಗಿ ಇಂಗ್ಲೆಂಡಿನತ್ತ ನೋಡಿ ಸಾಕಾಗಿ, ದಿವಿಶೋಫ್ ಎಂಬ ಸಣ್ಣ ಊರಿನಲ್ಲಿ ತಾನೇ ಎಂಜಿನ್ ಮಾಡಲು ಹೊರಟ. ಅದಕ್ಕೆ 'ಎಸೋ' ಎಂದು ಹೆಸರಿಟ್ಟ. ನಮ್ಮ ಇಸ್ಪೀಟಿನ ಭಾಷೆಯಲ್ಲಿ 'ಎಕ್ಕ'. 1960ರ ದಶಕದಲ್ಲಿ ನ್ಯೂಜಿಲೆಂಡಿನ ಬ್ಯಾರಿ ಬ್ರಿಗ್ಸ್‌ನಂಥ ದೊಡ್ಡ ಸವಾರರು ಎಸೋ ಹತ್ತಿದರು. ಅಷ್ಟರಲ್ಲಿ, 1964ರಲ್ಲಿ, ಎಸೋ ಕಾರ್ಖಾನೆ ಜಾವಾ ಜೊತೆ ಸೇರಿಹೋಗಿತ್ತು. ನಿಧಾನವಾಗಿ ಟ್ಯಾಂಕಿನ ಮೇಲೆ ಎಸೋ ಹೋಗಿ ಜಾವಾ ಎಂಬ ಬರಹ ಬಂತು. ಮಾಜರ್ 1968, 1969, 1970ರಲ್ಲಿ ಸತತ ಮೂರು ಬಾರಿ ವಿಶ್ವ ಚಾಂಪಿಯನ್ ಆದದ್ದು ಈ ದಿವಿಶೋಫ್ ಗಾಡಿಯ ಮೇಲೆಯೇ. 1970ರ ದಶಕದ ನಡುವಿನವರೆಗೆ ಅಂಕಣದಲ್ಲಿ ಎಲ್ಲಿ ನೋಡಿದರೂ ಜಾವಾ. ಆಮೇಲೆ ಇಂಗ್ಲೆಂಡಿನ ನಾಲ್ಕು ವಾಲ್ವಿನ ವೆಸ್ಲೇಕ್ ಬಂತು, 1976ರಲ್ಲಿ ಪೀಟರ್ ಕಾಲಿನ್ಸ್ ಅದರಲ್ಲಿ ಗೆದ್ದ. ಜಾವಾ ತಾನೂ ನಾಲ್ಕು ವಾಲ್ವಿಗೆ ಬಂತು. ಮುಂದೆ ಇಟಲಿಯ ಜಿ.ಎಂ. ಎಂಜಿನ್ ಎಲ್ಲರನ್ನೂ ಹಿಂದೆ ಹಾಕಿತು.

ಅದೇ ಕಾಲದಲ್ಲಿ ಯಾದವಗಿರಿಯಿಂದ ಹೊರಡುತ್ತಿದ್ದ ಜಾವಾದ ಶಕ್ತಿ ಹನ್ನೆರಡು ಅಶ್ವಶಕ್ತಿಯ ಆಸುಪಾಸು. ದಿವಿಶೋಫ್‌ನ ಅಕ್ಕನಿಗೆ ಅದರ ಹಲವು ಪಟ್ಟು. ತಂಗಿಗೆ ಕನ್ನಡಿ, ದೀಪ, ಹಿಂದಿನ ಸೀಟು, ಲಗ್ಗೇಜ್ ಕ್ಯಾರಿಯರ್ ಎಲ್ಲ ಉಂಟು. ಅಕ್ಕನಿಗೆ ಯಾವುದೂ ಇಲ್ಲ. ಒಂದೇ ಹೆಸರಿನ ಎರಡು ಬಾಳು. ನಮ್ಮಲ್ಲಿ ಮೋಟಾರ್ ಸೈಕಲ್ ಮೊದಲು ದುಡಿಯುವ ಎತ್ತಾಗಿ ಬಂತು. ಒಂದು ನಿಮಿಷ ಓಡಿ ಮೂಲೆ ಸೇರುವ ಯಂತ್ರವನ್ನು ಹೊರದೇಶದಿಂದ ತರಿಸುವ ಶಕ್ತಿಯಾಗಲಿ, ಪರವಾನಗಿಯಾಗಲಿ ಆಗಿನ ಜನಕ್ಕೆ ಎಲ್ಲಿತ್ತು? ಸ್ಪೀಡ್‌ವೇ ಇಲ್ಲಿ ಬೇರೂರದಿರಲು ಇದೇ ಮುಖ್ಯ ಕಾರಣವೆಂದು ನನ್ನ ಊಹೆ. ಓಟದ ಆಸೆಯಿದ್ದವರು ಮದ್ರಾಸಿನ ಬಳಿಯ ಶೋಲಾವರಂನ ಹಳೆಯ ವಿಮಾನ ಓಡುದಾರಿಗೆ ಹೋದರು, ಆಮೇಲೆ ಮೋಟೋಕ್ರಾಸ್, ರ್‍ಯಾಲಿಗಳಿಗೆ ಹೋದರು. ಆ ದಾರಿಯಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಮುಗಿಸಿದರು. ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ್‍ಯಾಲಿಗಳ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದರು.

ಚಿನ್ನದ ಹೆಲ್ಮೆಟ್ಟಿನ ಊರಿಗೆ ಮತ್ತೊಮ್ಮೆ ಹೋಗಬೇಕಾಗಿದೆ. ಪಾರ್ದುಬಿತ್ಸೆಯಲ್ಲಿ ಒಂದು ಹೀಟ್‌ಗೆ ನಾಲ್ವರಲ್ಲ, ಆರು ಮಂದಿ ಹೊರಡುವುದು ಹಳೆಯ ಸಂಪ್ರದಾಯ. ನೋಡುವವರಿಗೆ ಮೈ ನವಿರೇಳುತ್ತದೆ, ಮೊದಲ ತಿರುವಿನಲ್ಲಿ ಜಾಗ ಸಾಲುವುದಿಲ್ಲ. 1968ರ ಅಕ್ಟೋಬರ್, ಸೋವಿಯತ್ ಟ್ಯಾಂಕುಗಳು ಆ ದೇಶಕ್ಕೆ ನುಗ್ಗಿ ಎರಡು ತಿಂಗಳಷ್ಟೇ ಆಗಿತ್ತು. ದೇಶದ ಹೆಸರಾಂತ ಸವಾರ ಲುಬೋಶ್ ತೊಮಿಚೆಕ್ ಆ ವರ್ಷದ ಓಟದಲ್ಲಿ ಬಿದ್ದು ಸತ್ತ. ವಯಸ್ಸು ಮೂವತ್ತನಾಲ್ಕು. ಮರುವರ್ಷದಿಂದ ಪ್ರಾಗ್‌ನ ಮಾರ್ಕೇಟಾ ಕ್ರೀಡಾಂಗಣದಲ್ಲಿ ಅವನ ಹೆಸರಿನಲ್ಲೊಂದು ಸ್ಮಾರಕ ಓಟ ಶುರುವಾಯಿತು. ಅವನ ಮಗ ಸವಾರನಾದ, ಮೊಮ್ಮಗನೂ ಸವಾರನಾದ. ಆ ಮನೆಯ ಹೆಂಗಸರು ಏನು ಹೇಳಿದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಒಂದೇ ರಾತ್ರಿಯಲ್ಲಿ ಚಾಂಪಿಯನ್ನನನ್ನು ನಿರ್ಧರಿಸುವ ಪದ್ಧತಿ 1994ಕ್ಕೆ ಮುಗಿಯಿತು. ಒಂದು ಚೈನ್ ಕಿತ್ತರೆ ವರ್ಷವೇ ಹಾಳಾಗುವುದು ಸರಿಯಲ್ಲವೆಂದು 1995ರಿಂದ ಹಲವು ಊರುಗಳಲ್ಲಿ ನಡೆಯುವ ಗ್ರ್ಯಾಂಡ್ ಪ್ರಿ ಸರಣಿಯನ್ನು ತಂದರು. ಮೊದಲ ವರ್ಷ ಗೆದ್ದವನು ಡೆನ್ಮಾರ್ಕಿನ ಹಾನ್ಸ್ ನೀಲ್ಸನ್. ನ್ಯಾಯ ಹೆಚ್ಚಿತು. ಆದರೆ ಕೆಳಗಿನ ಮೆಟ್ಟಿಲಿನವರಿಗೆ ಬಾಗಿಲು ಕಿರಿದಾಯಿತು. ಆ ಕೊರತೆ ತುಂಬಲೋ ಎಂಬಂತೆ 2001ರಲ್ಲಿ ಯುರೋಪಿನ ವೈಯಕ್ತಿಕ ಚಾಂಪಿಯನ್‌ಷಿಪ್ ಸ್ವತಂತ್ರ ಪದವಿಯಾಗಿ ಆರಂಭವಾಯಿತು. ವಿಶ್ವ ಫೈನಲ್‌ಗೆ ಹೋಗುವ ಮೆಟ್ಟಿಲಾಗಿ ಅಲ್ಲ, ತನ್ನದೇ ಗೌರವವಿರುವ ಪ್ರಾದೇಶಿಕ ಪದವಿಯಾಗಿ. ಅದರ ಮೊದಲ ವಿಜೇತ ಬೊಹುಮಿಲ್ ಬ್ರೆಲ್. ಯಾವ ದೇಶದವನು ಎಂದು ಊಹಿಸಬಲ್ಲಿರಾ? ಜೆಕ್. 2013ರಿಂದ ಇದೂ ಹಲವು ಸುತ್ತುಗಳ ಸರಣಿಯಾಗಿದೆ.

ಮಳವಳ್ಳಿಯ ಹುಡುಗನಿಗೆ ನಾನು ಬರೆದ ಉತ್ತರ ಇಷ್ಟೇ. ನಿಮ್ಮ ಕೊಟ್ಟಿಗೆಯಲ್ಲಿರುವ ಗಾಡಿಯಲ್ಲಿ ಯಾರೂ ವಿಶ್ವ ಚಾಂಪಿಯನ್ ಆಗಿಲ್ಲ, ಆದರೆ ಅದೇ ಹೆಸರನ್ನು ಟ್ಯಾಂಕಿನ ಮೇಲೆ ಹೊತ್ತ ಗಾಡಿಯಲ್ಲಿ ಆಗಿದ್ದಾರೆ. ಜುಲೈ ತಿಂಗಳ ಎರಡನೆಯ ಭಾನುವಾರ ಮೈಸೂರು, ಬೆಂಗಳೂರುಗಳಲ್ಲಿ ಹಳೆಯ ಜಾವಾ, ಯೆಜ್ಡಿಗಳನ್ನು ಇಟ್ಟುಕೊಂಡವರೆಲ್ಲ ಒಂದೆಡೆ ಸೇರುತ್ತಾರೆ, ತಾತನನ್ನೂ ಕರೆದುಕೊಂಡು ಹೋಗು ಎಂದೆ. ಅವನಿಂದ ಮತ್ತೊಂದು ಕಾಗದ ಬಂದಿದೆ. ಕಾರ್ಬೊರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಿದ್ದಾರಂತೆ, ಎಂಟನೆಯ ಕಿಕ್ಕಿಗೆ ಗಾಡಿ ಹೊಗೆ ಉಗುಳಿ ಎದ್ದಿತಂತೆ. ಬ್ರೇಕ್ ಮಾತ್ರ ಹಿಡಿಯುತ್ತಿಲ್ಲವಂತೆ. ಅದನ್ನು ಸರಿಮಾಡಿಸಿಕೊಂಡೇ ಮನೆಯಿಂದ ಹೊರಡು ಎಂದು ಮರುಟಪಾಲಿಗೇ ಬರೆದಿದ್ದೇನೆ.